ಮೂತಿಯ ಹತ್ತು ಗ್ರಾಂ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತಮೂರು ವರ್ಷ ಸೇವೆ ಸಲ್ಲಿಸಿದ ಮನುಷ್ಯರೊಬ್ಬರು ಹತ್ತು ಗ್ರಾಂ ತೂಕ ಹಾಕುವುದನ್ನು ಮರೆತರು ಎಂದರೆ ಯಾರೂ ನಂಬುವುದಿಲ್ಲ. ನಂಬದಿರುವುದೇ ಸರಿ. ಅವರು ಮರೆಯಲಿಲ್ಲ. ಅದರ ಮೇಲೆ ನೋಟಿಸು ಕೊಟ್ಟರು.

ಇಲಾಖೆಯಲ್ಲಿ ಅವರಿಗೆ ತಕ್ಕಡಿ ಎಂದು ಹೆಸರು. ಎದುರಿಗೆ ತಕ್ಕಡಿಯವರು, ಬೆನ್ನ ಹಿಂದೆ ಬರೀ ತಕ್ಕಡಿ. ಹುದ್ದೆ ಸಹಾಯಕ ನಿರೀಕ್ಷಕರದ್ದು. ಅಂಗಡಿಗಳಿಗೆ ಹೋಗಿ ಕಿಲೋ ಬಟ್ಟು ಕಿಲೋ ಇದೆಯೇ ನೋಡುವುದು, ಪೊಟ್ಟಣದ ಮೇಲೆ ಬರೆದಷ್ಟು ಸಾಮಾನು ಪೊಟ್ಟಣದ ಒಳಗೂ ಇದೆಯೇ ತೂಗುವುದು, ಇಲ್ಲದಿದ್ದರೆ ಮೂರು ಪ್ರತಿಯಲ್ಲಿ ನೋಟಿಸು ಬರೆಯುವುದು. ಒಮ್ಮೆ ಒಬ್ಬ ಅಂಗಡಿಯವನು, “ಇವತ್ತೊಂದಿನ ಬಿಟ್ಬಿಡಿ ಸಾರ್, ನಾಳೆಯಿಂದ ಸರಿ ಮಾಡ್ತೀನಿ” ಎಂದು ಕೈ ಮುಗಿದಿದ್ದ. “ಇವತ್ತು ತಗೊಂಡು ಹೋದೋರು ನಾಳೆ ಮತ್ತೆ ತೂಗಿಸೋಕೆ ಬರ್ತಾರೇನಪ್ಪಾ?” ಎಂದು ಕೇಳಿ ತಕ್ಕಡಿಯವರು ಪುಸ್ತಕದಿಂದ ನೋಟಿಸು ಹರಿದು ಅವನ ಕೈಗಿಟ್ಟಿದ್ದರು.

ಇಂಥ ಮನುಷ್ಯ ಮನೆಯಲ್ಲಿ ವಿಮಾನ ಕಟ್ಟುತ್ತಿದ್ದರು.

ನಿಜವಾದ ವಿಮಾನವಲ್ಲ. ಡಬ್ಬದಲ್ಲಿ ಬರುವ ಪ್ಲಾಸ್ಟಿಕ್ ವಿಮಾನ. ನೂರಾ ಹದಿನೆಂಟು ಬಿಡಿ ಭಾಗಗಳು, ಒಂದೊಂದಕ್ಕೂ ಒಂದೊಂದು ಅಂಕೆ, ಬರೀ ಚಿತ್ರಗಳಿರುವ ಒಂದು ಕಾಗದ. ಕತ್ತರಿಸಬೇಕು, ಉಜ್ಜಬೇಕು, ಅಂಟಿಸಬೇಕು, ಬಣ್ಣ ಬಳಿಯಬೇಕು. ಕೊನೆಗೆ ಒಂದು ಮೊಳ ಉದ್ದದ ಪ್ರಯಾಣಿಕರ ವಿಮಾನ ತನ್ನ ಮೂರು ಕಾಲಿನ ಮೇಲೆ ನಿಲ್ಲಬೇಕು. ಹೀಗೆ ನಿಲ್ಲಬೇಕಾದ ವಿಮಾನಗಳ ಡಬ್ಬಗಳು ಅಟ್ಟದ ಮೇಲೆ ಇನ್ನೂ ಒಂಬತ್ತು ಇದ್ದವು. ಊಟದ ಮೇಜಿನ ಮೇಲಿದ್ದದ್ದು ಹತ್ತನೆಯದು. ಅದು ಅಲ್ಲಿಗೆ ಬಂದು ಐದು ತಿಂಗಳಾಗಿತ್ತು.

ಆರು ಜನ ಕೂರುವ ಮೇಜು. ಈಗ ಅದರ ಮುಕ್ಕಾಲು ಭಾಗ ವಿಮಾನದ ಕಾರ್ಖಾನೆ. ಉಳಿದ ಕಾಲು ಭಾಗದಲ್ಲಿ ತಕ್ಕಡಿಯವರು, ಅವರ ಹೆಂಡತಿ, ಅತ್ತೆ ಮೂವರೂ ಮೊಣಕೈಗೆ ಮೊಣಕೈ ತಾಗಿಸಿ ಊಟ ಮಾಡುತ್ತಿದ್ದರು. ಒಬ್ಬರು ಲೋಟ ಎತ್ತಿದರೆ ಮೂವರ ಕೈಯೂ ಎದ್ದಂತಾಗುತ್ತಿತ್ತು. ಅದನ್ನೂ ಸಹಿಸಿಕೊಂಡಿದ್ದರು. ಆದರೆ ಒಂದು ಭಾನುವಾರ ಅತ್ತೆಯ ತಟ್ಟೆಯಲ್ಲಿ ವಿಮಾನದ ಚಕ್ರ ಬಂತು. ಅತ್ತೆ ಮೆಣಸಿನಕಾಳೆಂದು ಕಚ್ಚಿದರು.

“ಎಪ್ಪತ್ತೊಂದು ವರ್ಷ ಕಾಪಾಡ್ಕೊಂಡು ಬಂದ ಹಲ್ಲು ಕಣೇ” ಎಂದು ಅತ್ತೆ ಮಗಳಿಗೆ ಹೇಳಿದರು. ಅಳಿಯನಿಗೆ ಹೇಳಲಿಲ್ಲ. ಅಳಿಯ ಆಗ ಮೇಜಿನ ಮೇಲೆ ಬಗ್ಗಿ, “ಅತ್ತೆ, ನುಂಗ್ಬೇಡಿ, ಅದು ಮೂವತ್ತೇಳನೇ ನಂಬರು, ಮುಂದಿನ ಚಕ್ರ. ಅಂಗೈ ಮೇಲೆ ಉಗುಳಿ” ಎಂದು ಬೇಡಿಕೊಳ್ಳುತ್ತಿದ್ದರು.

ಅವತ್ತು ಸಂಜೆ ಹೆಂಡತಿ ತೀರ್ಪು ಕೊಟ್ಟಳು.

“ರೀ, ಬರೋ ತಿಂಗಳು ನಿಮ್ಮ ಆಫೀಸಲ್ಲಿ ಹವ್ಯಾಸದ ಪ್ರದರ್ಶನ ಇದೆಯಲ್ಲ, ಅದರಲ್ಲಿ ಇದನ್ನ ಇಡಿ. ಒಂದು ಸರ್ಟಿಫಿಕೇಟ್ ತಂದು ತೋರ್ಸಿ. ತಂದ್ರೆ ಮೇಜು ನಿಮ್ದು, ನಾವು ನೆಲದ ಮೇಲೆ ಕೂತು ಉಣ್ತೀವಿ. ತರದೇ ಇದ್ರೆ ಆ ಒಂಬತ್ತು ಡಬ್ಬಾನೂ ನಮ್ಮಣ್ಣ ತಗೊಂಡು ಹೋಗ್ತಾನೆ, ಮೇಜು ನಂದು.”

“ಒಂಬತ್ತೂನಾ?”

“ತೂಗಿ ಕೊಡಿ ಬೇಕಾದ್ರೆ.”

ತಕ್ಕಡಿಯವರು ಅಂದಿನಿಂದ ಇನ್ನೂ ಎಚ್ಚರಿಕೆಯಿಂದ ಕೆಲಸ ಮಾಡತೊಡಗಿದರು. ಮೊದಲು ಎಚ್ಚರಿಕೆ ಇರಲಿಲ್ಲವೆಂದಲ್ಲ. ಅವರ ಬಳಿ ಒಂದು ತಪ್ಪುಗಳ ರಿಜಿಸ್ಟರ್ ಇತ್ತು. ಇಲಾಖೆಯ ಹಳೆಯ ರಿಜಿಸ್ಟರಿನಂತೆಯೇ ಗೆರೆ ಎಳೆದು, ಕ್ರಮಸಂಖ್ಯೆ, ದಿನಾಂಕ, ತಪ್ಪು, ಪರಿಹಾರ ಎಂದು ನಾಲ್ಕು ಕಲಂ ಮಾಡಿದ್ದರು. ಒಂದನೇ ತಪ್ಪು: ಭಾಗವನ್ನು ಅದು ಅಂಟಿಕೊಂಡು ಬಂದ ಪ್ಲಾಸ್ಟಿಕ್ ಚೌಕಟ್ಟಿನಿಂದ ಕೈಯಲ್ಲಿ ತಿರುಚಿ ಕಿತ್ತದ್ದು. ಪರಿಹಾರ: ಕಟರ್ ಬಳಸುವುದು, ಸ್ವಲ್ಪ ದೂರದಲ್ಲಿ ಕತ್ತರಿಸಿ ಉಳಿದದ್ದನ್ನು ಉಜ್ಜುವುದು. ನಾಲ್ಕನೇ ತಪ್ಪು: ಗೋಂದು ಹೆಚ್ಚು ಹಾಕಿದ್ದು, ಈ ಗೋಂದು ಅಂಟಿಸುವುದಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ, ಹನಿ ಸಾಕು. ಐದನೇ ತಪ್ಪು: ಆ ಗೋಂದಿನ ಬೆರಳಲ್ಲೇ ಕಿಟಕಿಯ ಗಾಜು ಮುಟ್ಟಿದ್ದು. ಪರಿಹಾರದ ಕಲಂನಲ್ಲಿ “ಇಲ್ಲ” ಎಂದು ಬರೆದಿತ್ತು. ಇವತ್ತಿಗೂ ಆ ವಿಮಾನದ ಪೈಲಟ್ ಕೂರುವ ಕಿಟಕಿಯ ಮೇಲೆ ತಕ್ಕಡಿಯವರ ಎಡ ಹೆಬ್ಬೆರಳಿನ ಗುರುತು ಸ್ಪಷ್ಟವಾಗಿದೆ. ಹನ್ನೊಂದನೇ ತಪ್ಪು: ಸಣ್ಣ ಭಾಗ ಚಿಮಟದಿಂದ ಚಿಮ್ಮಿ ಹಾರಿದ್ದು. ಪರಿಹಾರ: ತಟ್ಟೆಗಳಿಂದ ದೂರ ಕೆಲಸ ಮಾಡುವುದು. ಅತ್ತೆಯ ಹಲ್ಲನ್ನು ಈ ಕಲಂನಲ್ಲಿ ನಮೂದಿಸಲಾಗಿತ್ತು.

ಇಷ್ಟು ಜಾಗರೂಕರಾದ ಮನುಷ್ಯರಿಗೆ ಮೂರನೇ ಹಂತದಲ್ಲಿ ಏನಾಯಿತು ಎಂಬುದನ್ನು ನಿಧಾನವಾಗಿ ಹೇಳಬೇಕು.

ಮೂರನೇ ಹಂತದ ಚಿತ್ರದಲ್ಲಿ ವಿಮಾನದ ಮೂತಿಯ ಎರಡು ಹೋಳುಗಳಿದ್ದವು. ಅವುಗಳ ನಡುವೆ ಒಂದು ಸಣ್ಣ ಗುಂಡು, ಗುಂಡಿನಿಂದ ಒಂದು ಬಾಣ, ಬಾಣದ ಪಕ್ಕ “10 g” ಎಂದು ಮುದ್ರಿಸಿತ್ತು. ಬೇರೆ ಯಾರೇ ಆಗಿದ್ದರೂ ಆ ಬಾಣವನ್ನು ನೋಡಿ ತಲೆ ಕೆರೆದುಕೊಳ್ಳುತ್ತಿದ್ದರು, ಅಂಗಡಿಯಲ್ಲಿ ಕೇಳುತ್ತಿದ್ದರು. ತಕ್ಕಡಿಯವರ ಕಣ್ಣಿಗೆ ಬಾಣ ಬೀಳಲೇ ಇಲ್ಲ. ಗ್ರಾಂ ಬಿತ್ತು. ಇಪ್ಪತ್ತಮೂರು ವರ್ಷ ಪೊಟ್ಟಣಗಳ ಮೇಲಿನ ಗ್ರಾಂ ಓದಿದ ಕಣ್ಣು ಅದು. ತಯಾರಕರು ಹತ್ತು ಗ್ರಾಂ ಎಂದು ಘೋಷಿಸಿದ್ದಾರೆ, ಒಳಗೆ ಹತ್ತು ಗ್ರಾಂ ಇದೆಯೇ?

ಮರುದಿನ ಮೂತಿಯ ಎರಡೂ ಹೋಳುಗಳನ್ನು ಕರವಸ್ತ್ರದಲ್ಲಿ ಸುತ್ತಿ ಆಫೀಸಿಗೆ ಒಯ್ದರು. ಚಿನ್ನ ತೂಗುವ ಗಾಜಿನ ಪೆಟ್ಟಿಗೆಯ ತಕ್ಕಡಿಯಲ್ಲಿಟ್ಟು, ಉಸಿರು ಬಿಗಿಹಿಡಿದು ನೋಡಿದರು. ಏಳು ಗ್ರಾಂ. ಮತ್ತೆ ತೂಗಿದರು. ಏಳು. ಜವಾನನನ್ನು ಸಾಕ್ಷಿಗೆ ಕರೆದು ಮೂರನೇ ಸಲ ತೂಗಿದರು.

“ಏಳೇ ಸಾರ್” ಎಂದ ಜವಾನ. “ಏನಿದು? ಕಪ್ಪೆಚಿಪ್ಪಾ?”

“ವಿಮಾನದ ಮೂತಿ.”

“ಹಾಗಾದ್ರೆ ಬಹಳ ಕಮ್ಮಿ ಆಯ್ತು ಸಾರ್” ಎಂದ ಜವಾನ, ನಿಜವಾಗಿ ಕಳವಳಗೊಂಡು.

ಶೇಕಡಾ ಮೂವತ್ತು ಕೊರತೆ! ಬೇಳೆ ಅಂಗಡಿಯವನೂ ಇಷ್ಟು ಧೈರ್ಯ ಮಾಡುವುದಿಲ್ಲ. ತಕ್ಕಡಿಯವರು ಮಧ್ಯಾಹ್ನದ ಊಟ ಬಿಟ್ಟು ದೂರದ ಊರಿನ ಆ ತಯಾರಕ ಕಂಪನಿಗೆ ಮೂರು ಪ್ರತಿಯಲ್ಲಿ ನೋಟಿಸು ಬರೆದರು. ಘೋಷಿತ ತೂಕ ಹತ್ತು, ಕಂಡ ತೂಕ ಏಳು, ಕೊರತೆ ಮೂರು. ಮೂವತ್ತು ದಿನದೊಳಗೆ ವಿವರಣೆ ನೀಡತಕ್ಕದ್ದು. ಉಪನಿರ್ದೇಶಕರು ದಿನಕ್ಕೆ ನಲವತ್ತು ಕಾಗದಕ್ಕೆ ಸಹಿ ಹಾಕುವವರು. ಇದು ನಲವತ್ತೊಂದನೆಯದಾಗಿ ಅವರ ಮುಂದೆ ಹೋಯಿತು. ಓದದೆ ಸಹಿ ಹಾಕಿದರು. ನೋಟಿಸು ಅಂಚೆಗೆ ಬಿತ್ತು.

ಅವತ್ತು ಸಂಜೆ ತಕ್ಕಡಿಯವರು ಮೂತಿಯ ಎರಡು ಹೋಳುಗಳನ್ನು ಅಂಟಿಸಿ ಬಟ್ಟೆ ಕ್ಲಿಪ್ಪು ಹಾಕಿದರು. ರಿಜಿಸ್ಟರಿನಲ್ಲಿ “ಪ್ರತಿಭಟನೆಯೊಂದಿಗೆ ಅಂಟಿಸಲಾಗಿದೆ” ಎಂದು ಬರೆದು ದಿನಾಂಕ ಹಾಕಿದರು. ಜೋಡಣೆಯ ಗೆರೆಯನ್ನು ಉಜ್ಜಿ ಉಜ್ಜಿ ಮಾಯ ಮಾಡಿದರು. ಇಡೀ ವಿಮಾನದಲ್ಲಿ ಕೊಂಚವೂ ಊನವಿಲ್ಲದ ಜೋಡಣೆ ಅದೊಂದೇ.

ಪ್ರದರ್ಶನಕ್ಕೆ ಎರಡು ವಾರ ಇರುವಾಗ ವಿಮಾನ ಮುಗಿಯಿತು. ತೆಳುವಾಗಿ ಎರಡು ಸಲ ಬಿಳಿ ಬಣ್ಣ, ಬದಿಗೆ ನೀಲಿ ಪಟ್ಟೆ, ನೀರಲ್ಲಿ ನೆನೆಸಿ ಕಾಗದದಿಂದ ಜಾರಿಸಿ ಕೂರಿಸಿದ ಅಂಟು ಅಂಕೆಗಳು. ತಕ್ಕಡಿಯವರು ಹೆಂಡತಿ, ಅತ್ತೆ ಇಬ್ಬರನ್ನೂ ಕರೆದು ನಿಲ್ಲಿಸಿ, ಅದನ್ನು ಎರಡೂ ಕೈಯಲ್ಲಿ ಎತ್ತಿ, ಮೂರು ಕಾಲೂ ಒಟ್ಟಿಗೆ ತಾಗುವಂತೆ ಮೇಜಿನ ಮೇಲಿಟ್ಟು ಕೈ ತೆಗೆದರು.

ಟುಕ್.

ವಿಮಾನದ ಬಾಲ ಮೇಜಿಗೆ ತಾಗಿತು. ಮೂತಿ ಆಕಾಶ ನೋಡಿತು. ಮುಂದಿನ ಚಕ್ರ, ಅತ್ತೆ ಕಚ್ಚಿದ್ದು, ಗಾಳಿಯಲ್ಲಿ ನೇತಾಡಿತು. ತಕ್ಕಡಿಯವರು ಮೂತಿಯನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ಕೆಳಗಿಳಿಸಿದರು. ಬೆರಳು ತೆಗೆದರು. ಟುಕ್.

“ನಾಯಿ ಕೂತ ಹಾಗೆ ಕೂತಿದೆಯಲ್ಲೇ” ಎಂದರು ಅತ್ತೆ.

ಹೆಂಡತಿ ತಲೆ ಎತ್ತಿ ಅಟ್ಟದ ಕಡೆ ನೋಡಿದಳು, ಅಷ್ಟೇ. ಆ ನೋಟದಲ್ಲಿ ಒಂಬತ್ತು ಡಬ್ಬಗಳನ್ನೂ ಎಣಿಸಿದ್ದು ತಕ್ಕಡಿಯವರಿಗೆ ಕಾಣಿಸಿತು. ಬಾಯಿ ತನ್ನಷ್ಟಕ್ಕೆ ತೆರೆಯಿತು.

“ಕೂತಿಲ್ಲ, ಮೇಲೇರ್ತಾ ಇದೆ. ಹಾರೋಕೆ ಹೊರಟ ವಿಮಾನ ಹೀಗೇ ಮೂತಿ ಎತ್ತೋದು. ಬೇಕೂ ಅಂತಲೇ ಹೀಗೆ ಮಾಡಿದ್ದು.”

ಇಪ್ಪತ್ತಮೂರು ವರ್ಷಗಳಲ್ಲಿ ಅವರು ಹೇಳಿದ ಮೊದಲ ಕಳ್ಳ ತೂಕದ ಮಾತು ಇದು. ಮೊದಲನೆಯದಾದ್ದರಿಂದ ಚೆನ್ನಾಗಿ ಹೇಳಲು ಬರಲಿಲ್ಲ. ಅದಕ್ಕೇ ಜೋರಾಗಿ ಹೇಳಿದರು.

ಆ ಶನಿವಾರ ಹೆಂಡತಿಯ ಅಣ್ಣ ಬಂದರು. ಈ ಭಾವ ವಿಮಾನ ನಿಲ್ದಾಣದಲ್ಲಿ ಲಗೇಜು ಇಳಿಸುವವರ ಮೇಸ್ತ್ರಿ. ನಿಜವಾದ ವಿಮಾನದ ಹೊಟ್ಟೆಯೊಳಗೆ ದಿನಾ ಹೋಗಿ ಬರುವ ಆಸಾಮಿ. ಮನೆಗೆ ಬಂದಾಗಲೆಲ್ಲ ಆ ವಿಷಯವನ್ನು ಒಮ್ಮೆ ಹೇಳದೆ ನೀರು ಕುಡಿಯುತ್ತಿರಲಿಲ್ಲ. ಮೇಜಿನ ಮೇಲೆ ಬಾಲದ ಮೇಲೆ ಕೂತ ವಿಮಾನ ನೋಡಿದ್ದೇ ಭಾವ ಯಾಕೋ ಕೆಮ್ಮಿದರು. ಆಮೇಲೆ ಅಗತ್ಯಕ್ಕಿಂತ ಎರಡು ಪಟ್ಟು ಜೋರಾಗಿ ನಕ್ಕರು.

“ಏನ್ ಸಾಹೇಬ್ರೇ, ಇದಕ್ಕೇನು ಸೊಂಟ ನೋವಾ?”

“ಮೇಲೇರ್ತಿದೆ ಭಾವ.”

“ಮೇಲೇರೋದಾದ್ರೆ ಬಾಲ ನೆಲಕ್ಕೆ ಉಜ್ಜಿಕೊಂಡು ಏರುತ್ತಾ? ನಾನು ದಿನಾ ನೋಡ್ತೀನಿ ಕಣ್ರೀ!”

“ನೀವು ಲಗೇಜ್ ನೋಡ್ತೀರಿ. ನಾನು ವಿಮಾನ ನೋಡ್ತೀನಿ” ಎಂದರು ತಕ್ಕಡಿಯವರು. ಇಷ್ಟು ದಿಟ್ಟ ಮಾತು ತಮ್ಮ ಬಾಯಿಂದ ಬಂದದ್ದಕ್ಕೆ ಅವರಿಗೇ ಬೆವರು ಬಂತು.

ಭಾವ ತಂಗಿಯ ಕಡೆ ತಿರುಗಿ, “ಪ್ರದರ್ಶನ ಯಾವತ್ತು ಅಂದೆ? ಗೋಣಿಚೀಲ ತರ್ತೀನಿ. ಒಂಬತ್ತು ಡಬ್ಬಕ್ಕೆ ಎರಡು ಸಾಕಾಗುತ್ತೆ” ಎಂದರು.

ಈಗ ಹಿಂದೆ ಸರಿಯುವ ದಾರಿ ಇರಲಿಲ್ಲ. ಸೋಮವಾರ ತಕ್ಕಡಿಯವರು ವಿಮಾನವನ್ನು ಚಪ್ಪಲಿ ಡಬ್ಬದಲ್ಲಿಟ್ಟು ಆಫೀಸಿಗೆ ಒಯ್ದು ನೋಂದಣಿಗೆ ಕೊಟ್ಟರು. ಉಪನಿರ್ದೇಶಕರು ಕಾರಿಡಾರಿನಲ್ಲಿ ಹೋಗುತ್ತಿದ್ದವರು ನಿಂತರು.

“ಏನ್ರೀ ಇದು?”

“ವಿಮಾನ ಸರ್. ಮೇಲೇ... ಮೇಲೇರ್ತಿದೆ.”

ಉಪನಿರ್ದೇಶಕರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಇಲಾಖೆಯನ್ನು ಇನ್ನೊಂದು ಇಲಾಖೆಯೊಳಗೆ ಸೇರಿಸಿ ಮುಚ್ಚಿಬಿಡುತ್ತಾರೆ ಎಂಬ ಗುಸುಗುಸು ಆರು ತಿಂಗಳಿಂದ ಇತ್ತು. ಪ್ರದರ್ಶನಕ್ಕೆ ದೊಡ್ಡ ಸಾಹೇಬರಾದ ನಿರ್ದೇಶಕರೇ ಬರುವವರಿದ್ದರು. ಅವರಿಗೆ ಏನು ತೋರಿಸುವುದು ಎಂದು ಉಪನಿರ್ದೇಶಕರು ತಲೆ ಕೆಡಿಸಿಕೊಂಡಿದ್ದರು. ಹೋದ ಸಲ ಮೊದಲ ಬಹುಮಾನ ಬಂದದ್ದು ಟೈಪಿಸ್ಟ್ ಹೆಣೆದ ಸ್ವೆಟರಿಗೆ. ಸ್ವೆಟರು ತೋರಿಸಿ ಇಲಾಖೆ ಉಳಿಸಿಕೊಳ್ಳಲು ಆಗುವುದಿಲ್ಲ.

“ಮೇಲೇರುತ್ತಿರುವ ಇಲಾಖೆ!” ಎಂದು ಅವರು ಕೂಗಿದರು. “ಇದೇ ಬೇಕಾಗಿತ್ತು! ತಕ್ಕಡಿಯವರೇ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಈ ಬುದ್ಧೀನ?”

“ಸರ್, ಅದು ಬರೀ...”

“ಫೋಟೋ ತೆಗೀರಿ! ಬಾಲ ಕಾಣಬಾರದು, ಮೂತಿ ಕಾಣಬೇಕು. ಪೋಸ್ಟರ್ ಹಾಕ್ಸೋಣ.”

ಇನ್ನೂರು ಪೋಸ್ಟರ್ ಅಚ್ಚಾದವು. ಗೇಟಿಗೆ, ಮೆಟ್ಟಿಲಿಗೆ, ನಲ್ಲಿಯ ಪಕ್ಕಕ್ಕೆ, ಕಕ್ಕಸಿನ ಬಾಗಿಲಿಗೆ ಕೂಡ ಅಂಟಿಸಿದರು. ಎಲ್ಲಿ ನೋಡಿದರೂ ಮೂತಿ ಎತ್ತಿದ ವಿಮಾನ, ಕಿಟಕಿಯಲ್ಲಿ ತಕ್ಕಡಿಯವರ ಹೆಬ್ಬೆರಳು. ಸಹೋದ್ಯೋಗಿಗಳು ಟೀ ಹೊತ್ತಿಗೆ ಕುರ್ಚಿಯ ಹಿಂದಿನ ಕಾಲಿನ ಮೇಲೆ ಒರಗಿ, “ಏರ್ತಾ ಇದೀವಿ, ಏರ್ತಾ ಇದೀವಿ” ಎಂದು ಅಭ್ಯಾಸ ಮಾಡತೊಡಗಿದರು. ಇಬ್ಬರು ಬಿದ್ದರು. ಪೋಸ್ಟರ್ ಮನೆಗೂ ಬಂತು. ಹೆಂಡತಿ ಅದನ್ನು ಓದಿ, ಮೇಜು ಕೈತಪ್ಪುತ್ತದೇನೋ ಎಂದು ಮೊದಲ ಬಾರಿಗೆ ಅನುಮಾನದಿಂದ ಅದನ್ನು ನೋಡಿದಳು.

ಪ್ರದರ್ಶನದ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅಂಚೆ ಬಂತು. ತಕ್ಕಡಿಯವರ ಮೇಜಿಗೆ ಒಂದು ದಪ್ಪ ಲಕೋಟೆ. ಒಳಗೆ ಒಂದು ಕಾಗದ, ಒಂದು ಪುಟ್ಟ ಚೀಲ.

“ಮಾನ್ಯರೇ, ತಮ್ಮ ನೋಟಿಸು ತಲುಪಿತು. ಮೂರನೇ ಹಂತದಲ್ಲಿ ತೋರಿಸಿದ ಹತ್ತು ಗ್ರಾಂ ಎಂಬುದು ಮೂತಿಯ ತೂಕವಲ್ಲ. ಮೂತಿಯನ್ನು ಅಂಟಿಸುವ ಮುನ್ನ ಅದರೊಳಗೆ ತಾವು ಹಾಕಬೇಕಾದ ತೂಕ. ಹಾಕದಿದ್ದರೆ ವಿಮಾನ ಬಾಲದ ಮೇಲೆ ಕೂರುತ್ತದೆ. ಈ ತೂಕವನ್ನು ಮರೆಯುವವರು ಬಹಳ ಮಂದಿ ಇದ್ದಾರೆ. ಆದರೆ ಮೂತಿಯನ್ನೇ ತೂಗಿ ನೋಟಿಸು ಕೊಟ್ಟವರು ನಮ್ಮ ನಲವತ್ತು ವರ್ಷಗಳ ವ್ಯವಹಾರದಲ್ಲಿ ತಾವೊಬ್ಬರೇ. ತಮ್ಮ ಶ್ರದ್ಧೆಗೆ ಗೌರವವಾಗಿ ಹತ್ತು ಗ್ರಾಂ ಸೀಸದ ಗುಂಡುಗಳನ್ನು ಉಚಿತವಾಗಿ ಕಳಿಸಿದ್ದೇವೆ.”

ತಕ್ಕಡಿಯವರು ಎದ್ದು ಗಾಜಿನ ಪೆಟ್ಟಿಗೆಯ ಬಳಿ ಹೋದರು. ಗುಂಡುಗಳನ್ನು ಸುರಿದು ತೂಗಿದರು. ಸರಿಯಾಗಿ ಹತ್ತು. ಒಂದು ಕೂದಲಷ್ಟೂ ಕಮ್ಮಿ ಇಲ್ಲ. ಜವಾನ ಪಕ್ಕದಲ್ಲೇ ನಿಂತಿದ್ದ.

“ಈ ಸಲ ಸರಿಯಾಗಿದೆ ಸಾರ್. ಬುದ್ಧಿ ಕಲಿತರು ಅವರು” ಎಂದ.

ತಕ್ಕಡಿಯವರು ಗುಂಡುಗಳನ್ನು ಮತ್ತೆ ಚೀಲಕ್ಕೆ ತುಂಬಿ ಜೇಬಿಗಿಟ್ಟರು.

ಉಪನಿರ್ದೇಶಕರು ಹೊಸ ಕೋಟು ತೊಟ್ಟು ಸಭಾಂಗಣದ ಬಾಗಿಲಲ್ಲಿದ್ದರು. ತಕ್ಕಡಿಯವರು ನೇರವಾಗಿ ಹೋಗಿ ನಿಂತರು.

“ಸರ್, ಅದು ಮೇಲೇರ್ತಿಲ್ಲ.”

“ಯಾವುದು?”

“ವಿಮಾನ. ಕೂತಿದೆ. ಮೂತೀಲಿ ಹತ್ತು ಗ್ರಾಂ ಕೊರತೆ. ತಪ್ಪು ನಂದು. ಆ ಕಂಪನಿಗೆ ಕೊಟ್ಟ ನೋಟಿಸೂ ತಪ್ಪು, ವಾಪಸ್ ತಗೋಬೇಕು. ಅದರ ಮೇಲೆ ನಿಮ್ಮ ಸಹಿ ಇದೆ.”

ಉಪನಿರ್ದೇಶಕರು ಅವರ ತೋಳು ಹಿಡಿದು ಕಂಬದ ಮರೆಗೆ ಎಳೆದರು.

“ಇನ್ನೂರು ಪೋಸ್ಟರ್ ಕಣ್ರೀ! ದೊಡ್ಡ ಸಾಹೇಬ್ರು ಗೇಟ್ ಹತ್ರ ಇದ್ದಾರೆ! ಕೂತಿದೆಯಂತೆ!”

“ಕೂತಿರೋದನ್ನ ಕೂತಿದೆ ಅಂತಲೇ ಹೇಳ್ಬೇಕಲ್ಲ ಸರ್.”

“ಅಯ್ಯೋ, ಇವತ್ತೊಂದಿನ ಏರಲಿ ಬಿಡ್ರೀ! ನಾಳೆಯಿಂದ ಬೇಕಾದ್ರೆ ಕೂರಲಿ!”

ಇವತ್ತೊಂದಿನ. ಈ ಮಾತನ್ನು ತಕ್ಕಡಿಯವರು ತರಕಾರಿ ಅಂಗಡಿಯಲ್ಲಿ, ದಿನಸಿ ಅಂಗಡಿಯಲ್ಲಿ, ಗುಜರಿ ಅಂಗಡಿಯಲ್ಲಿ ಕೇಳಿದ್ದರು. ಇಲಾಖೆಯೊಳಗೆ ಕೇಳಿದ್ದು ಇದೇ ಮೊದಲು. ಅವರು ತೋಳು ಬಿಡಿಸಿಕೊಂಡು ತಮ್ಮ ಮೇಜಿಗೆ ಹೋಗಿ ಡ್ರಾಯರಿನಿಂದ ನೋಟಿಸು ಪುಸ್ತಕ ತೆಗೆದರು ಎಂದು ಬರೆದರೆ ತಪ್ಪಾಗುತ್ತದೆ. ಪುಸ್ತಕ ಜೇಬಿನಲ್ಲೇ ಇತ್ತು, ಯಾವತ್ತೂ ಜೇಬಿನಲ್ಲೇ ಇರುತ್ತದೆ. ಅದೇ ಕಂಬಕ್ಕೆ ಒರಗಿಸಿಕೊಂಡು, ಅಡಿಯಲ್ಲಿ ಕಾರ್ಬನ್ ಕಾಗದ ಇಟ್ಟು, ಬರೆಯತೊಡಗಿದರು.

ದೊಡ್ಡ ಸಾಹೇಬರು ಬಂದರು. ಅವರ ಜೊತೆ ತೀರ್ಪುಗಾರ್ತಿಯೂ ಬಂದರು. ಈಕೆ ಪೇಟೆಯಲ್ಲಿ ಇಂಥ ಡಬ್ಬಗಳನ್ನು ಮಾರುವ ಅಂಗಡಿಯ ಒಡತಿ. ತಕ್ಕಡಿಯವರ ಹತ್ತು ಡಬ್ಬಗಳೂ ಅಲ್ಲಿಂದಲೇ ಬಂದಿದ್ದವು. ಸ್ವೆಟರು, ಕಸೂತಿ, ಬೆಂಕಿಕಡ್ಡಿಯ ಗಡಿಯಾರಗೋಪುರ ಎಲ್ಲ ದಾಟಿ ಎಲ್ಲರೂ ನಡುವಿನ ಮೇಜಿಗೆ ಬಂದರು. ನೀಲಿ ಬಟ್ಟೆಯ ಮೇಲೆ ವಿಮಾನ. ಹಿಂದೆ “ಮೇಲೇರುತ್ತಿರುವ ಇಲಾಖೆ” ಎಂಬ ಫಲಕ.

ದೊಡ್ಡ ಸಾಹೇಬರಿಗೆ ಅದನ್ನು ಮುಟ್ಟಬೇಕೆನಿಸಿತು. ಮೂತಿಯ ಮೇಲೆ ಬೆರಳಿಟ್ಟು ಒತ್ತಿದರು. ಮೂತಿ ಕೆಳಗಿಳಿದು ಚಕ್ರ ಊರಿತು. ಬೆರಳು ತೆಗೆದರು. ಟುಕ್. ಮತ್ತೆ ಒತ್ತಿದರು. ಟುಕ್. ಅವರ ಮುಖದಲ್ಲಿ ಬಹಳ ವರ್ಷಗಳ ಮೇಲೆ ಒಂದು ಸಂತೋಷ ಕಾಣಿಸಿತು. ನಾಲ್ಕನೇ ಟುಕ್ ಆದ ಮೇಲೆ ಕೇಳಿದರು:

“ಯಾಕೆ ಹೀಗಾಗುತ್ತೆ?”

“ಅದರ ಉತ್ಸಾಹ ಸರ್!” ಎಂದರು ಉಪನಿರ್ದೇಶಕರು. “ಎಷ್ಟು ಅದುಮಿದ್ರೂ ಮೇಲೇಳುತ್ತೆ. ನಮ್ಮ ಇಲಾಖೆ ಥರ.”

ಅಂಗಡಿಯ ಒಡತಿ ಬಗ್ಗಿ ನೋಡಿದರು. “ಉತ್ಸಾಹ ಅಲ್ಲ. ಮೂತಿಗೆ ತೂಕ ಹಾಕಿಲ್ಲ” ಎಂದರು.

“ಮೇಡಂ, ಅದು ಕಲಾವಿದರ ಉದ್ದೇಶ. ಕೇಳಿ ಬೇಕಾದ್ರೆ. ತಕ್ಕಡಿಯವರೇ, ಉದ್ದೇಶ ತಾನೇ? ಹೇಳಿ!”

ಎಪ್ಪತ್ತು ಎಂಬತ್ತು ಜನ ತಿರುಗಿ ನೋಡಿದರು. ಹೂಂ ಅಂದರೆ ಸಾಕು, ಮೊದಲ ಬಹುಮಾನ. ಸರ್ಟಿಫಿಕೇಟ್ ಚೌಕಟ್ಟು ಸಮೇತ ಮೂಲೆಯಲ್ಲಿ ಕಾಯುತ್ತಿತ್ತು. ಒಂಬತ್ತು ಡಬ್ಬ, ಆರು ಜನದ ಮೇಜು. ತಕ್ಕಡಿಯವರು ಕಂಬದ ಬಳಿ ಬರೆದ ಕಾಗದವನ್ನು ಮುಂದೆ ಹಿಡಿದರು. ಅಂಗಡಿಗಳ ಮುಂದೆ ಓದುವ ಅದೇ ದನಿಯಲ್ಲಿ ಓದಿದರು:

“ಕಮ್ಮಿ ತೂಕದ ವರದಿ. ವಸ್ತು: ಪ್ಲಾಸ್ಟಿಕ್ ವಿಮಾನ ಒಂದು. ಕಟ್ಟಿದವರು: ಕೆಳಗೆ ಸಹಿ ಮಾಡಿದವರು. ಮೂತಿಯೊಳಗೆ ಇರಬೇಕಾದ ತೂಕ: ಹತ್ತು ಗ್ರಾಂ. ಇದ್ದದ್ದು: ಸೊನ್ನೆ. ಕೊರತೆ: ಹತ್ತು ಗ್ರಾಂ. ಕಾರಣ: ನಿರೀಕ್ಷಕರು ಅಂಕೆಯನ್ನು ಓದಿದರು, ಬಾಣವನ್ನು ನೋಡಲಿಲ್ಲ. ಹೆಚ್ಚುವರಿ ತಪ್ಪು: ಮೇಲೇರುತ್ತಿದೆ ಎಂದು ಸುಳ್ಳು ಘೋಷಣೆ. ತಪಾಸಣೆ ಮಾಡಿದವರು: ಕೆಳಗೆ ಸಹಿ ಮಾಡಿದವರೇ.”

ಓದಿ ಮುಗಿಸಿ, ಇನ್ನೊಂದು ಜೇಬಿನಿಂದ ಇಲಾಖೆಯ ಮೊಹರು ತೆಗೆದು, ಬಾಯಿಂದ ಹಾ ಎಂದು ಊದಿ ಮೂರು ಪ್ರತಿಗೂ ಒತ್ತಿದರು. ಅಸಲು ಪ್ರತಿಯನ್ನು “ಮೇಲೇರುತ್ತಿರುವ ಇಲಾಖೆ” ಎಂಬ ಫಲಕದ ಮೇಲೆ ಅಂಟಿಸಿದರು. ಪಕ್ಕದಲ್ಲಿ, ವಿಮಾನದ ಜೊತೆ ಮನೆಯಿಂದ ತಂದಿದ್ದ ತಪ್ಪುಗಳ ರಿಜಿಸ್ಟರನ್ನು ಬಿಡಿಸಿಟ್ಟರು.

ಎಲ್ಲರೂ ಆ ಕಾಗದ ಓದಲು ಕತ್ತು ಚಾಚಿದರು. ದೊಡ್ಡ ಸಾಹೇಬರು ಮಾತ್ರ ಇನ್ನೊಮ್ಮೆ ಮೂತಿ ಒತ್ತಿದರು. ಟುಕ್.

“ತೂಕದ ಇಲಾಖೆಯಲ್ಲೇ ತೂಕ ಇಲ್ಲ ಅಂತ ಊರಿಗೆಲ್ಲ ಸಾರಿದ್ರಲ್ರೀ!” ಎಂದು ಉಪನಿರ್ದೇಶಕರು ಹಲ್ಲು ಕಚ್ಚಿದರು.

“ಸಾರಿಲ್ಲ ಸರ್. ತೂಗಿ ಹೇಳಿದೆ. ನಮ್ಮ ಕೆಲಸ ಅದೇ ಅಂದ್ಕೊಂಡಿದ್ದೆ.”

ಬಹುಮಾನ ಈ ಸಲವೂ ಟೈಪಿಸ್ಟರ ಸ್ವೆಟರಿಗೇ ಹೋಯಿತು. ಅದರ ಎಡ ತೋಳು ಬಲ ತೋಳಿಗಿಂತ ಎರಡು ಅಂಗುಲ ಉದ್ದವಿತ್ತು. ತಕ್ಕಡಿಯವರು ಅದನ್ನು ಗಮನಿಸಿದರು. ಆದರೆ ಒಂದು ದಿನಕ್ಕೆ ಒಂದು ವರದಿ ಸಾಕು ಎನಿಸಿ ಸುಮ್ಮನಾದರು. ಉಪನಿರ್ದೇಶಕರು ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬಂದು ಕಾಣಿ ಎಂದು ಚೀಟಿ ಕಳಿಸಿದರು. ಅಂಗಡಿಯ ಒಡತಿ ಮಾತ್ರ ಗುಂಪು ಕರಗುವವರೆಗೆ ಆ ರಿಜಿಸ್ಟರ್ ಓದುತ್ತ ನಿಂತಿದ್ದರು. ಐದನೇ ತಪ್ಪಿನ ಪರಿಹಾರದ ಕಲಂ ನೋಡಿ ನಕ್ಕರು.

“ನನ್ನ ಅಂಗಡೀಲಿ ಡಬ್ಬ ತಗೊಳ್ಳೋರೆಲ್ಲ ಗೆದ್ದಿದ್ದನ್ನ ತಂದು ತೋರಿಸ್ತಾರೆ. ಇದನ್ನ ಯಾರೂ ತೋರಿಸಿರಲಿಲ್ಲ. ಬಹುಮಾನ ಕೊಡೋಕಾಗಲ್ಲ ನಿಮಗೆ, ವಿಮಾನ ಕೂತಿದೆ. ಆ ವರದಿಯ ಒಂದು ಪ್ರತಿ ಕೊಡಿ, ಅಂಗಡಿ ಗೋಡೆಗೆ ಹಾಕ್ತೀನಿ.”

“ಅಸಲು ತಗೊಳ್ಳಿ. ಎರಡನೇದು ಕಡತಕ್ಕೆ. ಮೂರನೇದು ಮನೆಗೆ ಬೇಕು” ಎಂದರು ತಕ್ಕಡಿಯವರು.

ಮನೆಯ ಬಾಗಿಲಲ್ಲೇ ಎರಡು ಗೋಣಿಚೀಲ ಕಂಡವು. ಒಳಗೆ ಒಂಬತ್ತು ಡಬ್ಬಗಳೂ ಅಟ್ಟದಿಂದ ಇಳಿದು ಗೋಡೆಗೆ ಸಾಲಾಗಿ ನಿಂತಿದ್ದವು. ಭಾವ ಕುರ್ಚಿಯಲ್ಲಿ, ಅತ್ತೆ ಮಂಚದ ಮೇಲೆ, ಹೆಂಡತಿ ಮೇಜಿನ ಪಕ್ಕದಲ್ಲಿ. ಮೇಜು ಒರೆಸಿ ಹೊಳೆಯುತ್ತಿತ್ತು. ತಕ್ಕಡಿಯವರು ವಿಮಾನವನ್ನು ಅದರ ನಟ್ಟನಡುವೆ ಇಟ್ಟರು. ಟುಕ್.

“ಸರ್ಟಿಫಿಕೇಟ್?” ಎಂದಳು ಹೆಂಡತಿ.

ಅವರು ಮೂರನೇ ಪ್ರತಿ ಕೊಟ್ಟರು. ಹೆಂಡತಿ ಮೊದಲು ಮೊಹರು ನೋಡಿದಳು. ಆಮೇಲೆ ಗಟ್ಟಿಯಾಗಿ ಓದಿದಳು. ಓದುತ್ತ ಓದುತ್ತ ದನಿ ಸಣ್ಣಗಾಯಿತು.

“ಯಾರು ಕೊಟ್ಟಿದ್ದು ಇದು?”

“ನಾನೇ.”

“ಯಾರಿಗೆ?”

“ನನಗೇ.”

“ಎಲ್ಲರ ಮುಂದೆ?”

“ದೊಡ್ಡ ಸಾಹೇಬ್ರ ಮುಂದೆ.”

ಆಗ ಭಾವ ಕೆಮ್ಮಿದರು. ಹೋದ ಸಲದಂತೆಯೇ. ಈ ಸಲ ನಗಲಿಲ್ಲ. ಕಾಗದ ಇಸಿದುಕೊಂಡು ಓದಿದರು, ವಿಮಾನ ನೋಡಿದರು, ಮತ್ತೆ ಓದಿದರು.

“ನಮ್ಮಲ್ಲೂ ಒಂದ್ಸಲ ಆಗಿತ್ತು” ಎಂದರು ಕೊನೆಗೆ, ಗೋಣಿಚೀಲದ ಕಡೆ ನೋಡುತ್ತ. “ಬಾಲದ ಕಡೆ ಲಗೇಜ್ ಮೊದಲು ಇಳಿಸ್ಬೇಕು. ನಾನು ಮುಂದಿಂದು ಇಳಿಸಿ ಅಂದ್ಬಿಟ್ಟೆ. ನಿಜವಾದ ವಿಮಾನಾನೇ, ಅಷ್ಟು ದೊಡ್ಡದು, ಹಿಂಗೇ ಕೂತ್ಬಿಡ್ತು ಕಣ್ರೀ.”

“ಅಯ್ಯೋ! ಆಮೇಲೆ?” ಎಂದರು ಅತ್ತೆ.

“ಗಾಳಿ ಜೋರಾಗಿತ್ತು ಅಂತ ವರದಿ ಬರೆದ್ವಿ. ಎಂಟು ಜನ ಸಹಿ ಹಾಕಿದ್ವಿ.”

“ಗಾಳಿ ಇತ್ತೇನೋ?”

“ಎಲೆ ಅಲ್ಲಾಡ್ತಿರಲಿಲ್ಲಮ್ಮ.”

ಹೆಂಡತಿ ಅಣ್ಣನನ್ನು ನೋಡಿದಳು, ಗಂಡನನ್ನು ನೋಡಿದಳು. ಆದರೆ ಅವಳೂ ಸುಲಭಕ್ಕೆ ಬಿಡುವವಳಲ್ಲ. “ಅದೆಲ್ಲ ಸರಿ. ಇದು ನೋಟಿಸು, ಸರ್ಟಿಫಿಕೇಟ್ ಅಲ್ಲ. ಮಾತು ಮಾತೇ. ಡಬ್ಬ...”

“ಕೊಡಲ್ಲ” ಎಂದರು ತಕ್ಕಡಿಯವರು.

“ಏನು?”

“ಡಬ್ಬ ಕೊಡಲ್ಲ. ಒಂದೂ ಕೊಡಲ್ಲ. ನೀನು ಸರ್ಟಿಫಿಕೇಟ್ ಕೇಳಿದೆ, ಅದು ಅಲ್ಲೇ ಇತ್ತು, ಸುಳ್ಳು ಹೇಳಿದ್ರೆ ಸಿಗ್ತಿತ್ತು. ನಾನು ತರಲಿಲ್ಲ. ಹತ್ತು ಗ್ರಾಂ ನಾನು ಕಮ್ಮಿ ಹಾಕಿದ್ದು ನಿಜ. ಇನ್ನೊಂಬತ್ತಕ್ಕೆ ಸರಿಯಾಗಿ ಹಾಕ್ತೀನಿ. ಹಾಕೋಕೆ ಮೇಜು ಬೇಕು. ಪೂರ್ತಿ ಬೇಡ. ಆದ್ರೆ ಬೇಕು.”

ಇಷ್ಟು ಉದ್ದದ ಮಾತನ್ನು ಅವರು ಆ ಮನೆಯಲ್ಲಿ ಹಿಂದೆ ಆಡಿರಲಿಲ್ಲ. ಮುಗಿದ ಮೇಲೆ ಕುರ್ಚಿ ಹಿಡಿದುಕೊಂಡರು. ಆದರೆ ಕೂರಲಿಲ್ಲ.

ಹೆಂಡತಿ ಅವರ ಜೇಬಿಗೆ ಕೈ ಹಾಕಿ ಇಲಾಖೆಯ ಅಳತೆ ಟೇಪು ಎಳೆದಳು. ಮೇಜಿನ ಉದ್ದಕ್ಕೂ ಹಿಡಿದಳು. ಆರು ಅಡಿ. ಎರಡು ಅಡಿಗೆ ಬೆರಳಿಟ್ಟು, ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದಳು.

“ಇಲ್ಲಿಂದ ಆಚೆ ನಿಮ್ದು. ಈಚೆ ನಮ್ದು. ಒಂದು ಚಕ್ರ ಗೆರೆ ದಾಟಿದ್ರೂ ನೋಟಿಸು ಕೊಡ್ತೀನಿ. ಮೂರು ಪ್ರತೀಲಿ.”

ಭಾವ ಎದ್ದು ಒಂಬತ್ತು ಡಬ್ಬಗಳನ್ನೂ ತಾವೇ ಅಟ್ಟಕ್ಕೆ ಏರಿಸಿದರು. ಭಾರವಾದವುಗಳನ್ನು ಮುಂದಕ್ಕೆ ಇಟ್ಟರು.

ಮರುದಿನ ಒಂಬತ್ತು ಗಂಟೆಗೆ ತಕ್ಕಡಿಯವರು ಉಪನಿರ್ದೇಶಕರನ್ನು ಕಂಡರು. ನೋಟಿಸು ಹಿಂಪಡೆಯುವ ಕಾಗದವನ್ನು ಮುಂದಿಟ್ಟು ಸಹಿ ಆಗುವವರೆಗೂ ಕದಲದೆ ನಿಂತರು. ಉಪನಿರ್ದೇಶಕರು ಏನೇನು ಬೈದರು ಎಂಬುದು ಇಲ್ಲಿ ಬೇಡ. ಅವರು ಆ ಕಾಗದವನ್ನು ಸಹಿ ಹಾಕುವ ಮುನ್ನ ಎರಡು ಸಲ ಓದಿದರು ಎಂಬುದಂತೂ ಸತ್ಯ.

ವಿಮಾನಕ್ಕೆ ಹೊಟ್ಟೆಯ ಕೆಳಗೆ ಸಣ್ಣ ತೂತು ಕೊರೆದು ಗುಂಡು ಹಾಕಬಹುದು ಎಂದು ಅಂಗಡಿಯ ಒಡತಿ ಹೇಳಿ ಕಳಿಸಿದ್ದರು. ತಕ್ಕಡಿಯವರು ಒಪ್ಪಲಿಲ್ಲ. ಈಗ ತೂಕ ಹಾಕಿದರೆ ವರದಿ ಸುಳ್ಳಾಗುತ್ತದೆ. ಹೀಗಾಗಿ ಅದು ಇವತ್ತಿಗೂ ಅವರ ಎರಡು ಅಡಿಯ ಮೂಲೆಯಲ್ಲಿ, ಹತ್ತು ಗ್ರಾಂ ಗುಂಡಿನ ಚೀಲವನ್ನು ಪಕ್ಕದಲ್ಲಿಟ್ಟುಕೊಂಡು, ಮೂತಿ ಎತ್ತಿ ಬಾಲದ ಮೇಲೆಯೇ ಇದೆ.

ಮೊನ್ನೆ ಪಕ್ಕದ ಮನೆಯಾಕೆ ಬಂದವಳು ಅದನ್ನು ನೋಡಿ, “ಇದ್ಯಾಕಮ್ಮಾ, ಬಿದ್ದುಹೋಗಿದೆಯಲ್ಲ!” ಎಂದಳು. ತಕ್ಕಡಿಯವರು ಬಾಯಿ ತೆರೆಯುವ ಮೊದಲೇ ಮಂಚದ ಮೇಲಿಂದ ಅತ್ತೆಯ ದನಿ ಬಂತು.

“ಬಿದ್ದಿಲ್ಲ, ಕೂತಿದೆ. ಯಾಕೆ, ನೀನು ದಿನವೆಲ್ಲಾ ನಿಂತೇ ಇರ್ತೀಯಾ?”